ರಾಗಿಯ ಹೊಲವೂ ಮಕ್ಕಳ ಊಟವೂ

(ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಬೀಜ, ಗೊಬ್ಬರ, ದನಕರುಗಳ ವಿಷಯವಾಗಿ ಗ್ರಾಮದ ಸಭೆಗಳಲ್ಲಿ ಮಾತನಾಡುವುದು ವಾಡಿಕೆ. ಮಕ್ಕಳ ಊಟವು ಹೆಂಗಸರಿಗೆ ಸೇರಿದ ವಿಷಯವೆಂದೂ, ಹೊಲದ ಯಜಮಾನನು ಅದರಲ್ಲಿ ಕೈಹಾಕಬೇಕಾದ್ದಿಲ್ಲವೆಂದೂ ಹಲವರ ಭಾವನೆ. ಈ ಭಾವನೆ ಸರಿಯಲ್ಲ. ಒಲೆಯ ಮೇಲೆ ಏನು ಬೇಯಬೇಕೆಂಬುದನ್ನು ತಾಯಿಯು ಗೊತ್ತುಮಾಡುವುದಕ್ಕೆ ಆರು ತಿಂಗಳು ಮುಂಚೆಯೇ, ಕೂರಿಗೆಯ ಬಟ್ಟಲಿಗೆ ಯಾವ ಕಾಳು ಬೀಳಬೇಕೆಂಬುದನ್ನು ಯಜಮಾನನು ಗೊತ್ತುಮಾಡಿರುತ್ತಾನೆ. ಮುಂಗಾರಿನಲ್ಲಿ ಅವರೆಯ ಸಾಲು ಬೀಳದಿದ್ದರೆ ಮಾಗಿಯಲ್ಲಿ ಮಗುವಿನ ತಟ್ಟೆಗೆ ಅವರೆಕಾಳು ಬರುವುದಿಲ್ಲ. ಹಿತ್ತಿಲಲ್ಲಿ ನುಗ್ಗೆಯ ಗಿಡವಿಲ್ಲದಿದ್ದರೆ ಸಾರಿಗೆ ಸೊಪ್ಪು ಬೀಳುವುದಿಲ್ಲ. ಆದುದರಿಂದ ಮಕ್ಕಳು ಸಂತೋಷದಿಂದ ಉಣ್ಣತಕ್ಕ, ಅವರ ಮೈಗೆ ಹಿಡಿಯತಕ್ಕ ಸಸ್ಯಾಹಾರಗಳನ್ನು ಹೊಲದಿಂದಲೇ ಆರಂಭಿಸಿ ವಿಚಾರಮಾಡುವುದು ಉಚಿತವಾಗಿದೆ.

1. ಈಗಿನ ಸ್ಥಿತಿ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65ಕ್ಕಿಂತ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆ ಕಂಡುಬಂದಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಅಂಕಿಗಳು ಬರಗಾಲದವಲ್ಲ. ಹೊಟ್ಟೆತುಂಬ ಅನ್ನವಿದ್ದ ಕಾಲದವು. ಹೊಟ್ಟೆ ತುಂಬಿದ ಮಾತ್ರಕ್ಕೆ ಮೈಗೆ ಪುಷ್ಟಿ ಬಂದಂತಾಗಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಈ ನಾಲ್ಕು ತಾಲ್ಲೂಕುಗಳು ಬಹುಮಟ್ಟಿಗೆ ಖುಷ್ಕಿಯ ಸೀಮೆ. ಕೆಂಪು ನೆಲ, ಕೆರೆಯ ಕೆಳಗೆ ಒಂದಿಷ್ಟು ತರಿ, ಉಳಿದೆಡೆ ರಾಗಿ. ಕಾಲಾನುಕಾಲದಲ್ಲಿ ಎಷ್ಟೋ ಹೊಲಗಳು ನೀಲಗಿರಿಯ ತೋಪುಗಳಾದವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಇನ್ನೆಷ್ಟೋ ಹೊಲಗಳು ನಿವೇಶನಗಳಾದವು. ಉಳಿದ ಹೊಲಗಳಲ್ಲಿಯೂ ಆಳುಕಾಳಿನ ಅಭಾವದಿಂದ ರಾಗಿಯೊಂದನ್ನೇ ಎರಚಿ ಅಕ್ಕಡಿಯನ್ನು ಬಿಟ್ಟವರು ಬಹುಮಂದಿ. ಹಣವು ಕೈಗೆ ಬಂದಿತು. ಕಾಳಿನ ಮಡಕೆಗಳು ಬರಿದಾದವು. ಕೈಯಲ್ಲಿ ಹಣವುಳ್ಳ ಮನೆಯ ಮಗುವೂ ಬೆಳಿಗ್ಗೆ ಟೀಯಲ್ಲಿ ಬಿಸ್ಕತ್ತನ್ನು ಅದ್ದಿ ತಿಂದು ಶಾಲೆಗೆ ಹೋಗುವುದನ್ನು ಯಾವ ಹಳ್ಳಿಯಲ್ಲಿಯಾದರೂ ನೋಡಬಹುದು.

2. ರಾಗಿಯ ಗುಣವೂ ಅದರ ಕೊರತೆಯೂ

ರಾಗಿಯು ಬಡವರ ಧಾನ್ಯ, ಅಕ್ಕಿಯು ನೆಂಟರ ಧಾನ್ಯ ಎಂಬ ತಪ್ಪು ತಿಳಿವಳಿಕೆ ಹಳೆಯದು. ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಈ ವ್ಯಾಜ್ಯವನ್ನೇ ಕಥೆಯಾಗಿ ಹೇಳಿ ರಾಗಿಯನ್ನು ಗೆಲ್ಲಿಸಿದರು. ಅವರ ತೀರ್ಪನ್ನು ಈಗ ಅಂಕಿಗಳೂ ಎತ್ತಿಹಿಡಿಯುತ್ತವೆ. 100 ಗ್ರಾಂ ರಾಗಿಯಲ್ಲಿ ಸುಣ್ಣದಂಶವು ಸುಮಾರು 340ರಿಂದ 360 ಮಿಲಿಗ್ರಾಂ ಇರುತ್ತದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2020ರಲ್ಲಿ ಗೊತ್ತುಮಾಡಿದೆ. ಎಲುಬಿಗೂ ಹಲ್ಲಿಗೂ ಬೇಕಾದ ಈ ಅಂಶದ ಅರ್ಧಕ್ಕಿಂತ ಹೆಚ್ಚು ಭಾಗವು 100 ಗ್ರಾಂ ರಾಗಿಯಲ್ಲಿಯೇ ಅಡಗಿದೆ.

ಆದರೆ ರಾಗಿಯೊಂದೇ ಸಾಲದು. ಮಾಂಸಖಂಡವನ್ನು ಬೆಳೆಸತಕ್ಕ ಸಸಾರಜನಕವು ರಾಗಿಯಲ್ಲಿ ನೂರಕ್ಕೆ ಏಳು ಪಾಲಿನಷ್ಟು. ಅವರೆ, ಹುರುಳಿ, ತೊಗರಿ, ಹೆಸರು, ಅಲಸಂದೆಗಳಲ್ಲಿ ಅದು ನೂರಕ್ಕೆ 20ರಿಂದ 25 ಪಾಲು. ರಾಗಿಯ ಸಸಾರಜನಕದಲ್ಲಿ ಯಾವ ಅಂಶ ಕಡಿಮೆಯೋ ಅದು ಕಾಳುಗಳಲ್ಲಿ ಹೆಚ್ಚು; ಕಾಳುಗಳಲ್ಲಿ ಕಡಿಮೆಯಾದುದು ರಾಗಿಯಲ್ಲಿ ಹೆಚ್ಚು. ಜೋಡೆತ್ತುಗಳಂತೆ ಇವೆರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಮಾತ್ರ ಬಂಡಿ ಸಾಗುತ್ತದೆ. ಮುದ್ದೆಗೆ ಕಾಳಿನ ಸಾರನ್ನು ಜೊತೆಮಾಡಿದ ಹಿರಿಯರ ಅನುಭವವು ಎಷ್ಟು ಯುಕ್ತವಾದುದೆಂಬುದು ಇದರಿಂದ ತಿಳಿಯುತ್ತದೆ.

3. ಅಕ್ಕಡಿ ಸಾಲೇ ಮಕ್ಕಳ ಸಾಲು

ರಾಗಿಯ ಹೊಲದಲ್ಲಿ ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯನ್ನು, ಇಲ್ಲವೆ ಎಂಟು ಸಾಲಿಗೆ ಎರಡು ಸಾಲು ತೊಗರಿಯನ್ನು ಹಾಕಬಹುದು. ಅಂಚಿನಲ್ಲಿ ಜೋಳ, ಹುಚ್ಚೆಳ್ಳು, ಸಾಸಿವೆಗಳನ್ನು ಬಿತ್ತುವುದು ಈ ಸೀಮೆಯ ಹಳೆಯ ಪದ್ಧತಿ. ಅಕ್ಕಡಿಯಿಂದ ರಾಗಿಯ ಇಳುವರಿಯು ಕುಗ್ಗೀತೆಂಬ ಭಯ ಕೆಲವರಿಗುಂಟು. ನಾಟಿ ಅವರೆಯು ಹಗಲು ಕಿರಿದಾದ ಮೇಲೆಯೇ ಹೂಬಿಡತಕ್ಕ ಜಾತಿ. ರಾಗಿಯು ತೆನೆಕಟ್ಟಿ ಕೊಯ್ಲಿಗೆ ಬರುವವರೆಗೆ ಅದು ತಗ್ಗಿ ನಿಂತು, ರಾಗಿಯನ್ನು ಕೊಯ್ದ ಮೇಲೆ ಬಯಲು ದೊರೆತು, ಇಬ್ಬನಿಯಲ್ಲಿ ಹಬ್ಬಿ ಕಾಯಿಬಿಡುತ್ತದೆ. ಒಂದರ ಕಾಲ ಮುಗಿಯುವಾಗ ಇನ್ನೊಂದರ ಕಾಲ ಆರಂಭವಾಗುವುದರಿಂದ ಇವೆರಡಕ್ಕೂ ಹೆಚ್ಚಿನ ಪೈಪೋಟಿಯಿಲ್ಲ. ಇದಲ್ಲದೆ ದ್ವಿದಳ ಧಾನ್ಯಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಸೇರಿಸುತ್ತವೆ.

ರಾಗಿಯ ಇಳುವರಿಯಂತೂ ಹಿಂದಿನಂತಿಲ್ಲ. ಮೈಸೂರು ವ್ಯವಸಾಯದ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1920ರಲ್ಲಿ ರಾಗಿಯ ಬೇಸಾಯವನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದ ಕಾಲದಿಂದಲೂ ಈ ಬೆಳೆಯ ಸುಧಾರಣೆ ನಡೆದುಬಂದಿದೆ. ಮುಂದೆ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಮಾಡಿ ಇಂಡಾಫ್ ತಳಿಗಳನ್ನು ರೈತರಿಗೆ ಕೊಟ್ಟರು. ಅದೇ ನೆಲದಲ್ಲಿ ಹೆಚ್ಚು ರಾಗಿ ಬರುವಾಗ, ಕಾಳಿಗಾಗಿ ಕೆಲವು ಸಾಲುಗಳನ್ನು ಬಿಡುವುದು ಭಾರವಾಗಲಾರದು. ನೀರಾವರಿಯುಳ್ಳವರು ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಎಂಬ ತಳಿಗಳನ್ನು ಮಾಗಿಯೊಂದನ್ನೇ ಕಾಯದೆ ಬೇರೆ ಕಾಲದಲ್ಲಿಯೂ ಬೆಳೆಯಬಹುದು. ಸೊಗಡು ಬೇಕೆಂಬವರಿಗೆ ನಾಟಿ ಅವರೆಯೇ ಸರಿ.

ಮುಖ್ಯವಾದ ಮಾತೊಂದುಂಟು. ಕಣದಿಂದ ಕಾಳು ಸಂತೆಗೆ ಹೋಗುವ ಮೊದಲು ಮನೆಯ ಮಕ್ಕಳ ಪಾಲನ್ನು ಅಳೆದು ಬೇರೆಯಿಡತಕ್ಕದ್ದು. ಬಿತ್ತನೆಯ ಬೀಜವನ್ನು ಯಾವ ಕಷ್ಟದಲ್ಲಿಯೂ ಮುಟ್ಟದೆ ಕಾಪಾಡುವ ರೈತನು, ಮಕ್ಕಳ ಕಾಳನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡಬೇಕು. ಎರಡೂ ಬಿತ್ತನೆಯ ಬೀಜವೇ.

4. ಮಕ್ಕಳು ಬೇಡವೆನ್ನುವುದೇತಕ್ಕೆ

ಮಗುವಿನ ಹೊಟ್ಟೆ ಸಣ್ಣದು, ಹಸಿವು ಬೇಗ. ದೊಡ್ಡವರ ಮುದ್ದೆಯನ್ನು ಅದರ ಮುಂದಿಟ್ಟು ಗದರಿಸಿದರೆ ಅದು ಮುಖ ತಿರುಗಿಸುವುದು ಸಹಜ. ಮಕ್ಕಳಿಗೆ ಮೆಚ್ಚಾದವುಗಳು ನಾಲ್ಕು: ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಹಲ್ಲಿಗೆ ಗರಿಗರಿಯಾದುದು, ನಾಲಗೆಗೆ ಸ್ವಲ್ಪ ಸಿಹಿಯಾದುದು, ತಮ್ಮ ಕೈಯೂ ಸೇರಿ ಆದುದು. ಕಾರವನ್ನು ತಗ್ಗಿಸಿ, ಈ ನಾಲ್ಕರಲ್ಲಿ ಒಂದನ್ನಾದರೂ ಕೂಡಿಸಿದರೆ ಬೇಡವೆನ್ನುವ ಮಕ್ಕಳು ವಿರಳ. ತಂದೆಯು ಮುದ್ದೆಯನ್ನು ಹೀನವಾಗಿ ಕಂಡು ಅನ್ನವನ್ನೇ ಕೇಳಿದರೆ ಮಗನೂ ಹಾಗೆಯೇ ಕೇಳುತ್ತಾನೆ. ಆದ್ದರಿಂದ ಯಜಮಾನನು ಮಕ್ಕಳೊಡನೆ ಕುಳಿತು, ಅವರು ಉಣ್ಣುವುದನ್ನೇ ತಾನೂ ಉಣ್ಣುವುದು ಮೊದಲನೆಯ ಪಾಠ.

5. ಕೆಲವು ಆಹಾರಗಳೂ ಅವುಗಳ ವಿಧಾನವೂ

ಹುರಿಹಿಟ್ಟು: ರಾಗಿಯನ್ನು ಹಸನುಮಾಡಿ, ಮಜ್ಜಿಗೆ ಬೆರೆಸಿದ ನೀರನ್ನು ಚಿಮುಕಿಸಿ ಒಂದು ರಾತ್ರಿ ಮುಚ್ಚಿಡಬೇಕು. ಮಾರನೆಯ ದಿನ ಚೆನ್ನಾಗಿ ಕಾದ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹುರಿದರೆ ಅರಳುತ್ತದೆ. ಅದನ್ನು ಬೀಸಿ ಜರಡಿಹಿಡಿದು ಡಬ್ಬದಲ್ಲಿಟ್ಟರೆ ಹಲವು ದಿನ ಬರುತ್ತದೆ. ಬೆಲ್ಲ, ತೆಂಗಿನ ತುರಿ, ಬಿಸಿ ಹಾಲು, ಒಂದು ಚಮಚ ತುಪ್ಪ ಸೇರಿಸಿ ಕಲಸಿದರೆ ಒಲೆ ಹಚ್ಚದೆಯೇ ಬೆಳಗಿನ ಉಪಾಹಾರ ಸಿದ್ಧ. ಹೊಲಕ್ಕೆ ಬೇಗನೆ ಹೋಗಬೇಕಾದ ತಾಯಿಗೆ ಇದರಷ್ಟು ಅನುಕೂಲವಾದುದು ಬೇರೊಂದಿಲ್ಲ.

ಮೊಳಕೆ ರಾಗಿಯ ಗಂಜಿ: ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ಆಮೇಲೆ ತಾಯಿಯ ಹಾಲಿನ ಜೊತೆಗೆ ಕೊಡಲು ಇದು ಶ್ರೇಷ್ಠ. ರಾಗಿಯನ್ನು ಒಂದು ಹಗಲು ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನಗಳಲ್ಲಿ ಮೊಳೆಯುತ್ತದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೂರಿ, ಹದವಾಗಿ ಹುರಿದು ಬೀಸಬೇಕು. ಹೆಸರುಕಾಳನ್ನೂ ಹೀಗೆಯೇ ಮೊಳೆಸಿ ಒಣಗಿಸಿ ಹುರಿದು, ಸಿಪ್ಪೆ ತೆಗೆದು ಬೀಸಿ, ಎರಡು ಪಾಲು ರಾಗಿಗೆ ಒಂದು ಪಾಲು ಹೆಸರನ್ನು ಕೂಡಿಸಬೇಕು. ಬರಿಯ ರಾಗಿಹಿಟ್ಟಿನ ಗಂಜಿಯು ಬೆಂದಾಗ ಗಟ್ಟಿಯಾಗುವುದರಿಂದ ನೀರನ್ನು ಹೆಚ್ಚು ಹಾಕಬೇಕಾಗುತ್ತದೆ; ಮಗುವಿನ ಸಣ್ಣ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆ ಬಂದಾಗ ಹುಟ್ಟುವ ಸತ್ವವೊಂದು ಪಿಷ್ಟವನ್ನು ಕರಗಿಸುವುದರಿಂದ, ಹಿಟ್ಟನ್ನು ಹೆಚ್ಚು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್.ಜಿ. ಮಲ್ಲೇಶಿ, ಎಚ್.ಎಸ್.ಆರ್. ದೇಶಿಕಾಚಾರ್ ಅವರು 1982ರಲ್ಲಿ ಮೊಳಕೆ ರಾಗಿ ಮತ್ತು ಹೆಸರಿನಿಂದ ಎಳೆಯ ಮಕ್ಕಳ ಆಹಾರವನ್ನು ಸಿದ್ಧಪಡಿಸುವ ಕ್ರಮವನ್ನು ಪ್ರಕಟಿಸಿದ್ದು ಈ ಗುಣವನ್ನು ಆಧರಿಸಿಯೇ. ಮೊಳಕೆಯಿಂದ ರಾಗಿಯ ಸುಣ್ಣ, ಕಬ್ಬಿಣದ ಅಂಶಗಳೂ ಮೈಗೆ ಹೆಚ್ಚಾಗಿ ಹತ್ತುತ್ತವೆ. ಬೂಸಲು ಹಿಡಿದ ಕಾಳನ್ನು ಮಾತ್ರ ಉಪಯೋಗಿಸಕೂಡದು.

ಒತ್ತು ಶ್ಯಾವಿಗೆ: ಮುದ್ದೆಯಂತೆ ಬೇಯಿಸಿದ ರಾಗಿಹಿಟ್ಟನ್ನು ಬಿಸಿಯಾಗಿರುವಾಗಲೇ ಶ್ಯಾವಿಗೆಯ ಒರಳಿನಲ್ಲಿ ಒತ್ತಿ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲಿನೊಡನೆ ಕೊಡಬೇಕು. ಮುದ್ದೆಯನ್ನು ಒಲ್ಲದ ಮಗುವೂ ಅದೇ ಹಿಟ್ಟಿನ ಎಳೆಗಳನ್ನು ಇನ್ನಷ್ಟು ಕೇಳುತ್ತದೆ. ಅಂಗಡಿಯ ಪೊಟ್ಟಣದ ನೂಡಲ್ಸನ್ನು ಬಯಸುವ ಮಗುವಿಗೆ, ನಿಂಬೆಹುಳಿ, ಕಡಲೆಕಾಯಿ, ಕ್ಯಾರಟ್ಟಿನ ತುರಿ ಹಾಕಿ ಒಗ್ಗರಿಸಿದ ಖಾರವಿಲ್ಲದ ಶ್ಯಾವಿಗೆಯನ್ನು ಕೊಟ್ಟುನೋಡಬಹುದು.

ರೊಟ್ಟಿಯೂ ದೋಸೆಯೂ: ರಾಗಿಹಿಟ್ಟಿಗೆ ಬೇಯಿಸಿದ ಅವರೆಕಾಳು, ಸಬ್ಬಸಿಗೆ ಇಲ್ಲವೆ ನುಗ್ಗೆಸೊಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ ಸೇರಿಸಿ, ಅಂಗೈಯಗಲ ತೆಳ್ಳಗೆ ತಟ್ಟಿ ಬೇಯಿಸಬೇಕು. ಮೂರು ಪಾಲು ರಾಗಿಹಿಟ್ಟಿಗೆ ಒಂದು ಪಾಲು ಉದ್ದನ್ನು ರುಬ್ಬಿ ಬೆರೆಸಿ ರಾತ್ರಿ ಹುಳಿಬರಿಸಿದರೆ ಬೆಳಿಗ್ಗೆ ದೋಸೆಯಾಗುತ್ತದೆ. ಇವೆರಡೂ ಶಾಲೆಯ ಡಬ್ಬಿಗೆ ಯೋಗ್ಯವಾದವು. ಹುಚ್ಚೆಳ್ಳಿನ ಪುಡಿಗೆ ತುಪ್ಪ ಕಲಸಿ ಜೊತೆಗಿಟ್ಟರೆ ಇನ್ನೂ ಲೇಸು.

ಹಿತಕಿದ ಬೇಳೆ: ಬಲಿತ ಹಸಿ ಅವರೆಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬೆರಳುಗಳ ನಡುವೆ ಹಿತಕಿದರೆ ಬೇಳೆಯು ಚಿಮ್ಮಿ ಹೊರಬರುತ್ತದೆ. ಈ ಕೆಲಸವನ್ನು ಮಕ್ಕಳಿಗೇ ವಹಿಸಬೇಕು. ಯಾರ ಬೇಳೆ ದೂರ ಹಾರಿತೆಂಬ ಪಂದ್ಯದಲ್ಲಿ ಬಟ್ಟಲು ತುಂಬುತ್ತದೆ. ತಾವೇ ಹಿತಕಿದ ಬೇಳೆಯ ಸಾರನ್ನು ಬೇಡವೆನ್ನುವ ಮಕ್ಕಳಿಲ್ಲ. ನಿಂಬೆಕಾಯಿಯ ಗಾತ್ರದ ಮುದ್ದೆಗಳನ್ನು ಕಟ್ಟಿ ಈ ಸಾರಿನಲ್ಲಿ ಅದ್ದಿಕೊಟ್ಟರೆ ಎರಡು ಮೂರು ತಾವಾಗಿ ಇಳಿಯುತ್ತವೆ. ಒಣಗಿದ ಅವರೆಯನ್ನು ನೆನೆಸಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ಮೊಳಕೆ ಕಾಳು: ಹುರುಳಿ, ಹೆಸರು, ಅಲಸಂದೆಗಳು ಮೊಳೆತಾಗ, ಒಣ ಕಾಳಿನಲ್ಲಿ ಅತ್ಯಲ್ಪವಾಗಿರುವ ಸಿ ಜೀವಸತ್ವವು ಹೆಚ್ಚುತ್ತದೆ. ಬೇಯಿಸಿ, ಕಾಯಿತುರಿ, ನಿಂಬೆರಸ ಹಾಕಿದ ಉಸಲಿಯನ್ನು ಶಾಲೆಯಿಂದ ಬಂದ ಕೂಡಲೆ ಕೊಟ್ಟರೆ ಮಗುವು ಅಂಗಡಿಗೆ ಓಡುವುದಿಲ್ಲ.

ಹಬ್ಬದ ತಿನಿಸುಗಳು: ಎಳ್ಳನ್ನೂ ಬೆಲ್ಲವನ್ನೂ ಕುಟ್ಟಿ ಮಾಡಿದ ಚಿಗಳಿ, ತಂಬಿಟ್ಟು, ಕೋಸಂಬರಿ, ಸಂಕ್ರಾಂತಿಯ ಎಳ್ಳುಬೆಲ್ಲ, ಇವೆಲ್ಲವೂ ಹಿರಿಯರು ಹಬ್ಬದ ಹೆಸರಿನಲ್ಲಿ ಮಕ್ಕಳಿಗಾಗಿ ಗೊತ್ತುಮಾಡಿದ ಪುಷ್ಟಿಯ ಆಹಾರಗಳು. 100 ಗ್ರಾಂ ಎಳ್ಳಿನಲ್ಲಿ ಸುಣ್ಣದಂಶವು ಸಾವಿರ ಮಿಲಿಗ್ರಾಂ ಮೀರಿರುತ್ತದೆ. ಎಳ್ಳುಬೆಲ್ಲದಲ್ಲಿ ಕಡಲೆಕಾಯಿ, ಹುರಿಗಡಲೆ, ಕೊಬ್ಬರಿ ಎಲ್ಲವೂ ಉಂಟು. ವರ್ಷಕ್ಕೊಂದು ದಿನ ಹಂಚುವ ಈ ಪದಾರ್ಥವನ್ನು ವಾರಕ್ಕೆರಡು ದಿನ ಮಕ್ಕಳ ಕೈಗೆ ಕೊಟ್ಟರೆ ಪುಣ್ಯವೇನೂ ಕಡಿಮೆಯಾಗದು. ಸುರುಟಿದ, ಬೂಸಲು ಹಿಡಿದ ಕಡಲೆಕಾಯಿಯನ್ನು ಆರಿಸಿ ಎಸೆಯತಕ್ಕದ್ದು, ಅದರಲ್ಲಿ ವಿಷವಿರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಕಡಲೆಬೀಜವನ್ನೂ ಹುರಿಗಾಳನ್ನೂ ಕೊಡಕೂಡದು. ಗಂಟಲಲ್ಲಿ ಸಿಕ್ಕಿ ಪ್ರಾಣಾಪಾಯವಾಗುವ ಸಂಭವವುಂಟು. ಪುಡಿಮಾಡಿ ಬೆಲ್ಲದೊಡನೆ ಕೊಡಬೇಕು.

6. ಸೊಪ್ಪೂ ಹಣ್ಣೂ

ಮಳೆ ಬಿದ್ದೊಡನೆ ಹೊಲದಲ್ಲಿ ತಾನಾಗಿ ಏಳುವ ಅಣ್ಣೆಸೊಪ್ಪು, ಹಿತ್ತಿಲ ದಂಟು, ತೇವದ ನೆಲದ ಹೊನಗೊನೆ, ಬೇಲಿಯ ನುಗ್ಗೆ, ಇವುಗಳಿಗೆ ಕಾಸು ಬೇಡ. ಎಲೆಯನ್ನು ಬೇರೆಯಾಗಿ ಪಲ್ಯಮಾಡಿದರೆ ಮಕ್ಕಳು ಆರಿಸಿ ಪಕ್ಕಕ್ಕಿಡುವುದುಂಟು. ತೊಗರಿಬೇಳೆಯೊಡನೆ ಬೇಯಿಸಿ ಮಸೆದು ಮಸ್ಸೊಪ್ಪು ಮಾಡಿದರೆ ಆರಿಸಲು ಏನೂ ಉಳಿಯುವುದಿಲ್ಲ. ಬಚ್ಚಲಿನ ನೀರು ಹರಿಯುವ ಕಡೆ ಅರ್ಧ ಗುಂಟೆಯಲ್ಲಿ ಎರಡು ನುಗ್ಗೆ, ಎರಡು ಪರಂಗಿ, ಒಂದು ನಿಂಬೆ, ಒಂದು ಮಡಿ ದಂಟನ್ನು ಬೆಳೆಸಿದರೆ ಒಂದು ಮನೆಯ ಮಕ್ಕಳಿಗೆ ದೊಡ್ಡ ಆಸರೆ.

ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣದಂಶವು ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಸಿ ಜೀವಸತ್ವವುಳ್ಳ ಹುಳಿಹಣ್ಣು ಜೊತೆಗಿದ್ದರೆ ಅದು ಹೆಚ್ಚಾಗಿ ಸೇರುತ್ತದೆ. ಊಟದೊಡನೆ ಟೀ ಕುಡಿದರೆ ಇನ್ನೂ ಕಡಿಮೆಯಾಗುತ್ತದೆ. ಆದುದರಿಂದ ಮಕ್ಕಳಿಗೆ ಟೀಯನ್ನು ಸಂಪೂರ್ಣವಾಗಿ ನಿಲ್ಲಿಸಿ, ಊಟವಾದೊಡನೆ ಹಣ್ಣನ್ನು ಕೊಡತಕ್ಕದ್ದು. ಇದಕ್ಕಾಗಿ ದೂರದ ಕಿತ್ತಲೆಯನ್ನು ಕೊಳ್ಳಬೇಕಾಗಿಲ್ಲ. ಭೌಗೋಳಿಕ ಗುರುತು ಪಡೆದ ದೇವನಹಳ್ಳಿಯ ಚಕ್ಕೋತವು ಈ ಸೀಮೆಯದೇ. ಅದರ ಎರಡು ತೊಳೆಗಳು ಒಂದು ಮಗುವಿಗೆ ಸಾಕು. ಸೀಬೆಯಲ್ಲಿ ಸಿ ಜೀವಸತ್ವವು ಚಕ್ಕೋತಕ್ಕಿಂತಲೂ ಹೆಚ್ಚು. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಹಲಸಿಗೆ ಹೆಸರುಂಟು. ತೊಳೆಯನ್ನು ತಿಂದ ಮೇಲೆ ಬೀಜವನ್ನು ಎಸೆಯದೆ ಸುಟ್ಟುಕೊಟ್ಟರೆ ಮಕ್ಕಳಿಗೆ ಅದೂ ತಿಂಡಿ.

7. ಹಾಲಿನ ವಿಷಯ

ಹಾಲಿನ ಸಂಘಗಳಿಂದ ಹಳ್ಳಿಗಳಿಗೆ ಉಪಕಾರವಾಗಿದೆ. ವಾರವಾರದ ಖರ್ಚು ನಡೆಯುವುದು ಆ ಹಣದಿಂದಲೇ. ಆದರೆ ಹಸುವಿರುವ ಮನೆಯಲ್ಲಿ ಕರೆದ ಹಾಲೆಲ್ಲ ಕ್ಯಾನಿಗೆ ಹೋಗಿ, ಮಗುವಿಗೆ ಕಪ್ಪು ಟೀ ಉಳಿಯುವುದುಂಟು. ಸಂಘಕ್ಕೆ ಹಾಲನ್ನು ಅಳೆಯುವ ಮೊದಲು ಮನೆಯ ಮಗುವೊಂದಕ್ಕೆ ಕಾಲು ಲೀಟರಿನಂತೆ ತೆಗೆದಿಟ್ಟರೆ ಯಜಮಾನನಿಗೆ ನಷ್ಟವಾಗುವ ಹಣ ಅಲ್ಪ. ವೈದ್ಯರಿಗೂ ಔಷಧಕ್ಕೂ ತೆರುವ ಹಣದೊಡನೆ ಅದನ್ನು ಹೋಲಿಸಿನೋಡಬಹುದು.

8. ಮುಖಂಡರ ಕರ್ತವ್ಯ

2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಯೋಜನೆಯಿಂದ ಶಾಲೆಯ ಮಕ್ಕಳಿಗೆ ಹಾಲು ದೊರೆಯಲಾರಂಭಿಸಿತು. 2024ರ ಫೆಬ್ರವರಿಯಲ್ಲಿ ಆ ಹಾಲಿಗೆ ರಾಗಿಯ ಪುಡಿಯನ್ನು ಬೆರೆಸಿಕೊಡುವ ಏರ್ಪಾಡಾಯಿತು. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಸರ್ಕಾರವು ಶಾಲೆಯಲ್ಲಿ ಒಂದು ಲೋಟವನ್ನು ಕೊಡಬಲ್ಲದು. ಉಳಿದ ಹೊತ್ತುಗಳ ಊಟವು ಮನೆಯದೇ. ಮುಖಂಡರು ತಮ್ಮ ಊರಿನಲ್ಲಿ ಮೂರು ಕೆಲಸಗಳನ್ನು ಮಾಡಿಸಬಹುದು: ನಾಟಿ ಅವರೆ, ಅಲಸಂದೆ, ಹುಚ್ಚೆಳ್ಳಿನ ಬೀಜಗಳನ್ನು ಉಳ್ಳವರಿಂದ ಸಂಗ್ರಹಿಸಿ ಇಲ್ಲದವರಿಗೆ ಬಿತ್ತನೆಗೆ ಮುಂಚೆ ಹಂಚುವುದು, ಶಾಲೆ, ಅಂಗನವಾಡಿಗಳ ಆವರಣದಲ್ಲಿ ನುಗ್ಗೆ, ಸೀಬೆಗಳನ್ನು ನೆಡಿಸಿ ಕಾಪಾಡಿಸುವುದು, ಊರಹಬ್ಬದಲ್ಲಿಯೂ ಮದುವೆಗಳಲ್ಲಿಯೂ ರಾಗಿಯ ಒಂದು ಭಕ್ಷ್ಯವನ್ನು ನೆಂಟರ ಎಲೆಗೆ ಬಡಿಸುವುದು. ದೊಡ್ಡವರ ಎಲೆಯಲ್ಲಿ ರಾಗಿಗೆ ಮರ್ಯಾದೆ ಸಿಕ್ಕಿದ ದಿನ ಮಕ್ಕಳೂ ಅದನ್ನು ನಾಚಿಕೆಯಿಲ್ಲದೆ ಉಣ್ಣುತ್ತಾರೆ.

ಮುಖ್ಯಾಂಶಗಳು

(1) ರಾಗಿಯ ಹೊಲದಲ್ಲಿ ಎಂಟು ಸಾಲಿಗೊಂದು ಅವರೆಯ ಸಾಲನ್ನು, ಇಲ್ಲವೆ ಎರಡು ತೊಗರಿಯ ಸಾಲನ್ನು ತಪ್ಪದೆ ಬಿಡತಕ್ಕದ್ದು.

(2) ಕಣದಲ್ಲಿ ಕಾಳನ್ನೂ, ಸಂಘದ ಕ್ಯಾನಿಗೆ ಸುರಿಯುವ ಮುನ್ನ ಹಾಲನ್ನೂ ಮಕ್ಕಳಿಗಾಗಿ ಮೊದಲು ತೆಗೆದಿಡತಕ್ಕದ್ದು.

(3) ಪ್ರತಿದಿನವೂ ರಾಗಿಯೊಡನೆ ಒಂದು ಕಾಳು, ಒಂದು ಸೊಪ್ಪು, ಒಂದು ಹುಳಿಹಣ್ಣು ಮಗುವಿಗೆ ಸಿಕ್ಕಬೇಕು, ಟೀ ಕೂಡದು.

(4) ಸಣ್ಣದಾಗಿ, ರುಚಿಯಾಗಿ, ಕಾರ ಕಡಿಮೆಮಾಡಿ, ದಿನಕ್ಕೆ ನಾಲ್ಕೈದು ಸಾರಿ ಕೊಡಬೇಕು, ಗದರಿಸಿ ತಿನ್ನಿಸಕೂಡದು.

(5) ಬೂಸಲಿನ ಕಾಳನ್ನು ಬಿಸಾಡಬೇಕು; ಎಳೆಯ ಮಕ್ಕಳಿಗೆ ಇಡಿಯ ಕಡಲೆಬೀಜವನ್ನು ಕೊಡಕೂಡದು.

ಮುಂದಿನ ಮುಂಗಾರಿಗೆ ಕೂರಿಗೆಯನ್ನು ಹೂಡುವ ಪ್ರತಿಯೊಬ್ಬ ಹಿಡುವಳಿದಾರನೂ, ಈ ಹೊಲದಲ್ಲಿ ಮಕ್ಕಳ ಸಾಲು ಯಾವುದೆಂದು ಒಮ್ಮೆ ಕೇಳಿಕೊಂಡು ಬಿತ್ತನೆಯನ್ನು ಆರಂಭಿಸಬೇಕೆಂದು ಪ್ರಾರ್ಥನೆ.